ಸ್ಕ್ರೀನ್ ಮೇಲೆ ಚರಂಡಿ ಮುಗಿದಿದೆ, ಬೀದಿಯಲ್ಲಿ ಮುಗಿದಿಲ್ಲ

ಓದುಗರ ಪ್ರಶ್ನೆ: ನಮ್ಮದು ಹಳೇ ಮೈಸೂರು ಕಡೆಯ ಸಣ್ಣ ಊರು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. 2023-24ರಲ್ಲಿ ನಮ್ಮ ಬೀದಿಗೆ ನರೇಗಾದಲ್ಲಿ ಚರಂಡಿ ಹಾಕಿದರು. ಅದು ಅರ್ಧಕ್ಕೇ ನಿಂತಿತು. ಈಗಲೂ ಮಳೆ ಬಂದರೆ ಕೊಚ್ಚೆ ನೀರು ನಮ್ಮ ಜಗಲಿಗೆ ಬರುತ್ತದೆ. ಬೆಂಗಳೂರಿನಲ್ಲಿರುವ ಮಗ ರಜಕ್ಕೆ ಬಂದಾಗ ಫೋನಿನಲ್ಲಿ ಸರ್ಕಾರದ ವೆಬ್‌ಸೈಟ್ ತೆಗೆದು ತೋರಿಸಿದ. 180 ಮೀಟರ್, 4.92 ಲಕ್ಷ ರೂಪಾಯಿ, ಕಾಮಗಾರಿ ಪೂರ್ಣಗೊಂಡಿದೆ ಅಂತ ಅದರಲ್ಲಿತ್ತು. ನಾನು ಹೆಜ್ಜೆ ಹಾಕಿ ಎಣಿಸಿದೆ, ಬರೀ 150 ಹೆಜ್ಜೆ ಚರಂಡಿ ಇದೆ. ಪಂಚಾಯ್ತಿಯಲ್ಲಿ ಕೇಳಿದರೆ, 'ಅದು ಆಫೀಸಿನ ಒಳಗಿನ ಮಾಹಿತಿ, ನಿಮಗೆ ಹೇಗೆ ಸಿಕ್ತು? ಸೈಬರ್ ಕೇಸ್ ಆಗುತ್ತೆ ನೋಡಿ' ಅಂದರು. ಎರಡು ವಾರ ಬಿಟ್ಟು ಮಗ ಮತ್ತೆ ನೋಡಿದರೆ ಮೊತ್ತ 3.41 ಲಕ್ಷ ಅಂತ ತೋರಿಸುತ್ತಿತ್ತು. ತಿದ್ದಿಬಿಟ್ಟರಾ? ಆರ್‌ಟಿಐ ಹಾಕೋಣ ಅಂದರೆ ಹೊಸ ಕಾನೂನು ಬಂದು ಅದೂ ಹೋಯಿತಂತೆ, ಆಧಾರ್ ಕೊಡಬೇಕಂತೆ, ಕಾರಣ ಬರೆಯಬೇಕಂತೆ. ಇದೇ ಊರಲ್ಲಿ ಬಾಳಬೇಕಾದವರು ನಾವು. ಜಗಳ ಬೇಡ, ಚರಂಡಿ ಬೇಕು. ಏನು ಮಾಡಲಿ?

ಉತ್ತರ:

ತಾಯಿ, ಮೊದಲು ಹೆದರಿಕೆ ಬಿಡಿ. ನಿಮ್ಮ ಮಗ ಮಾಡಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ.

ನಾನು ತಾಲ್ಲೂಕು ಪಂಚಾಯ್ತಿ ಲೆಕ್ಕಶಾಖೆಯಲ್ಲಿ ಇದ್ದವನು. ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿಗಳಿಗೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರೆಯುವ ಕೆಲಸವನ್ನೂ ಬಹಳ ವರ್ಷ ಮಾಡಿದ್ದೇನೆ. ನಿವೃತ್ತಿ ಆದಮೇಲೆ ಜನರಿಗೆ ಅದೇ ಅರ್ಜಿಗಳನ್ನು ಬರೆದುಕೊಡುತ್ತಿದ್ದೇನೆ. ಮೇಜಿನ ಆ ಕಡೆಯೂ ಕೂತಿದ್ದೇನೆ, ಈ ಕಡೆಯೂ ನಿಂತಿದ್ದೇನೆ. 'ಸೈಬರ್ ಕೇಸ್ ಆಗುತ್ತೆ' ಅನ್ನುವ ಮಾತು ಎಲ್ಲಿಂದ ಬರುತ್ತದೆ ಅಂತ ಚೆನ್ನಾಗಿ ಗೊತ್ತು. ಹತ್ತರಲ್ಲಿ ಎಂಟು ಸಲ ಅದು ಬೆದರಿಕೆಯೂ ಅಲ್ಲ. ಹೇಳಿದವರಿಗೇ ಆ ಪುಟ ಜನರಿಗೂ ಕಾಣುತ್ತದೆ ಅಂತ ಗೊತ್ತಿರುವುದಿಲ್ಲ. ಅವರು ದಿನಾ ಲಾಗಿನ್ ಹಾಕಿ ಒಳಗೆ ಹೋಗುತ್ತಾರೆ. ಹೊರಗಿನಿಂದಲೂ ಒಂದು ಬಾಗಿಲು ತೆರೆದಿದೆ ಅನ್ನುವುದು ಅವರ ಗಮನಕ್ಕೇ ಬಂದಿರುವುದಿಲ್ಲ.

ಸೈಬರ್ ಕೇಸಿಗೆ ಆಧಾರವಾದ ಐಟಿ ಕಾಯ್ದೆಯ ಪ್ರಕಾರ ತಪ್ಪಾಗುವುದು ಅನುಮತಿ ಇಲ್ಲದೆ ಒಳಗೆ ನುಗ್ಗುವುದು. ಪಾಸ್‌ವರ್ಡ್ ಕೇಳದೆ, ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದರೆ ತಾನಾಗೇ ತೆರೆದುಕೊಳ್ಳುವ ಪುಟವನ್ನು ಜನ ನೋಡಲಿ ಅಂತಲೇ ಇಟ್ಟಿದ್ದಾರೆ. ಇಡಲೇಬೇಕು ಅಂತ ಕಾನೂನೇ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4ರಲ್ಲಿ, ಪ್ರತಿ ಕಚೇರಿ ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಬಗೆಯ ವಿವರಗಳ ಪಟ್ಟಿ ಇದೆ. ಜನ ಅರ್ಜಿ ಹಿಡಿದು ಅಲೆಯುವುದು ಆದಷ್ಟು ಕಡಿಮೆ ಆಗಬೇಕು ಅನ್ನುವುದೇ ಅದರ ಉದ್ದೇಶ. ನಮ್ಮ ರಾಜ್ಯದ 'ಮಾಹಿತಿ ಕಣಜ' ವೆಬ್‌ಸೈಟ್ ಬಂದದ್ದೂ ಈ ಸೆಕ್ಷನ್ನಿನ ದಾರಿಯಲ್ಲೇ. ಅದಕ್ಕೂ ಮೊದಲು, 2019ರಲ್ಲಿ, ರಾಜಸ್ಥಾನದವರು 'ಜನ್ ಸೂಚನಾ ಪೋರ್ಟಲ್' ಅಂತ ಮಾಡಿದ್ದರು. ಅಂದಹಾಗೆ, ಮಾಹಿತಿ ಹಕ್ಕಿನ ಹೋರಾಟ ಹುಟ್ಟಿದ್ದೇ ನಿಮ್ಮಂಥ ಪ್ರಶ್ನೆಯಿಂದ. 1996ರಲ್ಲಿ ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ ಜನ 40 ದಿನ ಧರಣಿ ಕೂತರು. ಪಂಚಾಯ್ತಿ ಕಾಮಗಾರಿಯ ಬಿಲ್ಲು, ಮಸ್ಟರ್ ರೋಲ್ (ಕೂಲಿಯವರ ಹಾಜರಿ ಪಟ್ಟಿ) ನಕಲು ಕೊಡಿ ಅನ್ನುವುದು ಅವರ ಬೇಡಿಕೆ. ಈಗ ಆ ಮಸ್ಟರ್ ರೋಲ್ ನಿಮ್ಮ ಮಗನ ಫೋನಿನಲ್ಲಿ ಕಾಣುತ್ತಿದೆ.

ಒಂದು ಎಚ್ಚರ ಮಾತ್ರ ಇರಲಿ. ಆಪರೇಟರ್ ಪರಿಚಯದ ಹುಡುಗ ಅಂತ ಅವನ ಲಾಗಿನ್ ತೆಗೆದುಕೊಂಡು ನೋಡುವ ಕೆಲಸ ಬೇಡ. ಅಲ್ಲಿಗೆ ನೀವು ಸರಿಯಿಂದ ತಪ್ಪಿಗೆ ದಾಟುತ್ತೀರಿ, ಆ ಹುಡುಗನ ಕೆಲಸಕ್ಕೂ ಕುತ್ತು. ಹಾಗೇ, ಸರ್ಕಾರದ್ದೇ ಅನ್ನುವಂತೆ ಕಾಣುವ ಖಾಸಗಿ ಸೈಟ್, ಆಪ್‌ಗಳು ಬೇಕಾದಷ್ಟಿವೆ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಅಥವಾ ಎನ್ಐಸಿ ಡಾಟ್ ಇನ್ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ದುಡ್ಡೂ ಕಟ್ಟಬೇಡಿ, ಆಧಾರ್ ನಂಬರೂ ಹಾಕಬೇಡಿ.

ಈಗ ಅಂಕಿ ವಿಚಾರಕ್ಕೆ ಬರೋಣ. ಜನ ಹೆಚ್ಚು ಎಡವುವುದು ಇಲ್ಲೇ.

4.92 ಲಕ್ಷ ಇದ್ದದ್ದು 3.41 ಲಕ್ಷ ಆಯಿತು ಅಂದರೆ ಯಾರೋ ರಾತ್ರೋರಾತ್ರಿ ತಿದ್ದಿದ್ದಾರೆ ಅನ್ನಿಸುವುದು ಸಹಜ. ತಿದ್ದಿರಲೂಬಹುದು. ಆದರೆ ನನ್ನ ಅನುಭವದಲ್ಲಿ ಸಾಮಾನ್ಯ ಕಾರಣ ಬೇರೆ. ಒಂದೇ ಕಾಮಗಾರಿಗೆ ಕನಿಷ್ಠ ಮೂರು ಮೊತ್ತ ಇರುತ್ತವೆ. ಎಂಜಿನಿಯರ್ ಹಾಕಿದ ಅಂದಾಜು ಒಂದು. ಮಂಜೂರಾದದ್ದು ಇನ್ನೊಂದು. ನಿಜಕ್ಕೂ ಪಾವತಿಯಾದದ್ದು ಮತ್ತೊಂದು. ಬೇರೆ ಬೇರೆ ಪುಟದಲ್ಲಿ ಬೇರೆ ಬೇರೆ ಮೊತ್ತ ಕಾಣುತ್ತದೆ. ನಿಮ್ಮ ಮಗ ಮೊದಲ ಸಲ ಒಂದು ಪುಟದಿಂದ, ಎರಡನೇ ಸಲ ಇನ್ನೊಂದರಿಂದ ನೋಡಿರಬಹುದು. ನರೇಗಾದಲ್ಲಿ ಕೂಲಿ ನೇರ ಕೂಲಿಯವರ ಖಾತೆಗೆ ಹೋಗುತ್ತದೆ, ಸಿಮೆಂಟು, ಜಲ್ಲಿ, ಕಬ್ಬಿಣದ ಬಿಲ್ಲು ಬೇರೆ ಕಂತಿನಲ್ಲಿ ಬರುತ್ತದೆ. ಸಾಮಗ್ರಿ ಹಣ ತಡವಾಗುವುದು ಹೊಸದೇನಲ್ಲ. ಹಾಗಾಗಿ 3.41 ಅನ್ನುವುದು ಆ ಹೊತ್ತಿನವರೆಗೆ ಪಾವತಿಯಾದದ್ದು ಆಗಿರಬಹುದು. ಆ ವರ್ಷಗಳಲ್ಲಿ ಕೆಲವು ಸಲ ಒಂದೇ ಚರಂಡಿಗೆ ಎರಡು ಕಡೆಯಿಂದ ದುಡ್ಡು ಹಾಕುತ್ತಿದ್ದರು, ನರೇಗಾದಿಂದ ಒಂದಿಷ್ಟು, 15ನೇ ಹಣಕಾಸು ಆಯೋಗದ ಅನುದಾನದಿಂದ ಒಂದಿಷ್ಟು. ಹಾಗಿದ್ದರೆ ಹಣಕಾಸು ಆಯೋಗದ ಲೆಕ್ಕ ಇ-ಗ್ರಾಮಸ್ವರಾಜ್ ಸೈಟಿನಲ್ಲಿ ಸಿಗುತ್ತದೆ, ಉಳಿದದ್ದು ನರೇಗಾ ಸೈಟಿನಲ್ಲಿ. ಎರಡನ್ನೂ ನೋಡದಿದ್ದರೆ ಪೂರ್ತಿ ಚಿತ್ರ ಸಿಗುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾಧಾರಣ ಹೆಜ್ಜೆ ಮುಕ್ಕಾಲು ಮೀಟರ್‌ಗೆ ಸ್ವಲ್ಪ ಕಡಿಮೆ ಇರುತ್ತದೆ. ನಿಮ್ಮ 150 ಹೆಜ್ಜೆ ಅಂದರೆ ಹೆಚ್ಚುಕಡಿಮೆ 110 ಮೀಟರ್. 180ಕ್ಕೆ 110 ಅಂದರೆ ನೂರಕ್ಕೆ 61 ಪಾಲು. ಅಂದಾಜಿನ 4.92 ಲಕ್ಷದಲ್ಲಿ 3.41 ಲಕ್ಷ ಅಂದರೆ ನೂರಕ್ಕೆ 69 ಪಾಲು. ಈ ಎರಡು ಅಂಕಿ ತೀರಾ ದೂರ ಇಲ್ಲ ಅಲ್ವಾ? ಅಂದರೆ, ಆದಷ್ಟು ಕೆಲಸಕ್ಕೆ ಮಾತ್ರ ಬಿಲ್ಲು ಮಾಡಿ, ಉಳಿದದ್ದನ್ನು ಕೈಬಿಟ್ಟು, ಕಾಮಗಾರಿಯನ್ನು ಅಲ್ಲಿಗೇ ಕ್ಲೋಸ್ ಮಾಡಿರುವ ಸಾಧ್ಯತೆ ಇದೆ. ಇದು ಆಗುವಂಥದ್ದೇ. ಹಳೇ ಕಾಮಗಾರಿ ಮುಗಿಯದೆ ಬಾಕಿ ಉಳಿದಷ್ಟೂ ಪಂಚಾಯ್ತಿ ಮೇಲೆ ಒತ್ತಡ. ವಾರವಾರ ವಿಡಿಯೋ ಕಾನ್ಫರೆನ್ಸಿನಲ್ಲಿ 'ನಿಮ್ಮಲ್ಲಿ ಇಷ್ಟು ಅಪೂರ್ಣ' ಅಂತ ಓದುತ್ತಾರೆ. ಮಾರ್ಚ್ ಬಂತೆಂದರೆ ಆಪರೇಟರ್ ಕೂತು ಒಂದೊಂದಾಗಿ ಪೂರ್ಣ, ಪೂರ್ಣ, ಪೂರ್ಣ ಅಂತ ಒತ್ತುತ್ತಾ ಹೋಗುತ್ತಾನೆ. ಚರಂಡಿ ನಿಂತ ಜಾಗದಲ್ಲೇ ನಿಂತಿರುತ್ತದೆ, ಕಾಮಗಾರಿ ಮುಗಿದಿರುತ್ತದೆ.

ಇದು ಸರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಜಗಲಿಗೆ ಬರುವ ಕೊಚ್ಚೆಗೆ ಈ ಲೆಕ್ಕ ಗೊತ್ತಾಗುವುದಿಲ್ಲ. ಆದರೆ 'ದುಡ್ಡು ತಿಂದಿದ್ದಾರೆ' ಅನ್ನುವುದೂ 'ಅರ್ಧಕ್ಕೆ ಕೈಬಿಟ್ಟಿದ್ದಾರೆ' ಅನ್ನುವುದೂ ಎರಡು ಬೇರೆ ದೂರು. ಒಂದಕ್ಕೆ ತನಿಖೆ ಬೇಕು. ಇನ್ನೊಂದಕ್ಕೆ ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಒಂದು ಸಾಲು ಸಾಕು. ಯಾವುದು ನಿಮ್ಮದು ಅಂತ ಸ್ಕ್ರೀನ್ ಹೇಳುವುದಿಲ್ಲ. ಸ್ಕ್ರೀನ್ ಮೇಲಿರುವುದು ಯಾರೋ ಟೈಪ್ ಮಾಡಿದ್ದು. ಅವರು ಯಾವ ಕಾಗದ ನೋಡಿ ಟೈಪ್ ಮಾಡಿದರೋ ಆ ಕಾಗದ ಕಪಾಟಿನಲ್ಲಿದೆ. ಯಾವ ಕಾಗದ ಕೇಳಬೇಕು ಅಂತ ತಿಳಿಯಲು ವೆಬ್‌ಸೈಟ್ ಬೇಕು. ನಾನು ಅದನ್ನು ಬಳಸುವುದು ಅಷ್ಟಕ್ಕೇ.

ನಿಮಗೆ ಬೇಕಾದ ಕಾಗದದ ಹೆಸರು ಅಳತೆ ಪುಸ್ತಕ. ಆಫೀಸಿನಲ್ಲಿ ಎಂ.ಬಿ. ಅನ್ನುತ್ತಾರೆ. ಎಂಜಿನಿಯರ್ ಸ್ಥಳಕ್ಕೆ ಬಂದು ಉದ್ದ, ಅಗಲ, ಆಳ ಅಳೆದು ಬರೆದು ಸಹಿ ಹಾಕುವ ದಾಖಲೆ ಅದು. ಬಿಲ್ಲು ಆಗುವುದು ಅದರ ಮೇಲೆ. ಅದರಲ್ಲಿ 110 ಮೀಟರ್ ಅಂತಿದೆಯಾ, 180 ಅಂತಿದೆಯಾ? ನಿಮ್ಮ ಇಡೀ ಪ್ರಶ್ನೆ ಆ ಒಂದು ಸಾಲಿನ ಮೇಲೆ ನಿಂತಿದೆ.

ಅರ್ಜಿ ಹಾಕುವ ಮುಂಚೆ ಮಗನಿಗೆ ಮೂರು ನಾಲ್ಕು ಕೆಲಸ ಹೇಳಿ. ಮೊದಲನೆಯದು, ಕಾಮಗಾರಿಯ ಸಂಕೇತ ಸಂಖ್ಯೆ ಬರೆದುಕೊಳ್ಳುವುದು. ಉದ್ದನೆಯ ನಂಬರ್ ಅದು, ತಲೆನೋವು ಅನ್ನಿಸುತ್ತದೆ. ಆದರೆ ಅದಿಲ್ಲದೆ ಹೋದರೆ ಏನಾಗುತ್ತದೆ ಗೊತ್ತಾ? ನಮ್ಮ ಹಳ್ಳಿಗಳಲ್ಲಿ ಕಾಮಗಾರಿಗೆ ಹೆಸರಿಡುವ ರೀತಿ ನಿಮಗೇ ಗೊತ್ತು. 'ರಂಗಪ್ಪನ ಮನೆಯಿಂದ ಸಿದ್ದಮ್ಮನ ಮನೆವರೆಗೆ ಬಾಕ್ಸ್ ಚರಂಡಿ.' ಒಂದೊಂದು ಊರಲ್ಲಿ ನಾಲ್ಕು ಜನ ರಂಗಪ್ಪ ಇರುತ್ತಾರೆ. ನನ್ನ ಹತ್ತಿರ ಒಂದು ಸಲ ಬಂದವರು ಇದೇ ತರಹ ಚರಂಡಿಯೇ ಹಾಕಿಲ್ಲ ಅಂತ ಕಿಡಿಕಾರುತ್ತಿದ್ದರು. ಹೋಗಿ ನೋಡಿದರೆ ಚರಂಡಿ ಊರಾಚೆಯ ಇನ್ನೊಬ್ಬ ರಂಗಪ್ಪನ ಮನೆ ಹತ್ತಿರ ಇತ್ತು, ಸೊಗಸಾಗಿ. ನಿಮ್ಮದೂ ಹಾಗೇ ಅಂತಲ್ಲ. ಆದರೆ 180 ಮೀಟರಿನ ಕಾಮಗಾರಿ ನಿಮ್ಮ ಬೀದಿಯದ್ದೇ ಹೌದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಸ್ಥಳದಲ್ಲಿ ಒಂದು ನಾಮಫಲಕ ಹಾಕಿರಬೇಕು. ಬಣ್ಣ ಹೋಗಿದ್ದರೂ ಫೋಟೋ ತೆಗೆಯಿರಿ. ನರೇಗಾ ಕೆಲಸಗಳಿಗೆ ಶುರುವಾಗುವ ಮುಂಚೆ, ನಡೆಯುವಾಗ, ಮುಗಿದ ಮೇಲೆ ಅಂತ ಮೂರು ಹಂತದ ಫೋಟೋ ತೆಗೆದು ಇಸ್ರೋದ ಭುವನ್ ನಕ್ಷೆಯ ಮೇಲೆ ಹಾಕುವ ಪದ್ಧತಿ 2017ರಿಂದ ಬಂತು. 'ಮುಗಿದ ಮೇಲೆ' ಅನ್ನುವ ಫೋಟೋದಲ್ಲಿ ಏನು ಕಾಣುತ್ತದೆ ನೋಡಿ. ನನಗೆ ಸಿಕ್ಕ ಒಂದರಲ್ಲಿ ಫೋಟೋ ತೆಗೆದವರ ಹೆಬ್ಬೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಎರಡನೆಯದು, ಪುಟವನ್ನು ಉಳಿಸಿಟ್ಟುಕೊಳ್ಳುವುದು. ಸ್ಕ್ರೀನ್‌ಶಾಟ್ ಸಾಲದು. ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿ, ತಾರೀಖು, ಹೊತ್ತು, ಮೇಲಿನ ವಿಳಾಸ ಕಾಣುವಂತೆ ಇಡಿ. ಮೊತ್ತ ಬದಲಾಗಿದ್ದು ನಿಮಗೆ ಗೊತ್ತು, ಆದರೆ ಮೊದಲಿನದಕ್ಕೆ ನಿಮ್ಮ ಹತ್ತಿರ ಏನೂ ಇಲ್ಲ ಅಂತ ಕಾಣುತ್ತದೆ. ಇನ್ನುಮುಂದೆ ಹಾಗೆ ಆಗಬಾರದು.

ಹುಡುಕುವಾಗ ಸಿಗಲಿಲ್ಲ ಅಂದರೆ ಇಲ್ಲ ಅಂತ ತೀರ್ಮಾನಿಸಬೇಡಿ. ಮಂಜೂರಾದ ವರ್ಷ, ಖರ್ಚಾದ ವರ್ಷ ಬೇರೆ ಇರಬಹುದು. 2023-24ರಲ್ಲಿ ಕಾಣದ್ದು 2022-23ರಲ್ಲಿ ಕಾಣುತ್ತದೆ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬ ಆಪರೇಟರ್ ಒಂದೊಂದು ತರ ಬರೆದಿರುತ್ತಾನೆ. ಹಳೇ ಆದೇಶಗಳ ಪಿಡಿಎಫ್ ಇನ್ನೊಂದು ಫಜೀತಿ. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕಾಟಕ್ಕೆ ಸಿಗುವುದಿಲ್ಲ, ಕಂಪ್ಯೂಟರಿಗೆ ಅದು ಬರೀ ಚಿತ್ರವಿಚಿತ್ರ ಚಿಹ್ನೆ. ಇನ್ನು ಎಷ್ಟೋ ಸರ್ಕಾರಿ ಸೈಟುಗಳು ದೇಶದ ಹೊರಗೆ ತೆರೆಯುವುದೇ ಇಲ್ಲ. ದುಬೈನಲ್ಲೋ ಅಮೆರಿಕದಲ್ಲೋ ಕೂತ ಮಕ್ಕಳು 'ಸೈಟೇ ಇಲ್ಲಪ್ಪ' ಅಂದರೆ ಊರಲ್ಲಿ ಇನ್ನೊಬ್ಬರಿಂದ ತೆಗೆಸಿ ನೋಡಿ. ಮಗ ಊರಲ್ಲಿ ಇಲ್ಲದಾಗ ನಿಮ್ಮ ಪಂಚಾಯ್ತಿ ಗ್ರಂಥಾಲಯಕ್ಕೂ ಹೋಗಬಹುದು. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ, ಬಹಳ ಕಡೆ ಕಂಪ್ಯೂಟರ್ ಇದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಆ ಕಾಮಗಾರಿಯ ಮಸ್ಟರ್ ರೋಲ್ ತೆಗೆದು ಹೆಸರುಗಳನ್ನು ಓದಿ, ಆದರೆ ಸದ್ಯಕ್ಕೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಯಾಕೆ ಅಂದರೆ ಅದರಲ್ಲಿ ನಿಮ್ಮ ಬೀದಿಯವರದ್ದೇ, ನಿಮ್ಮ ನಾದಿನಿಯದ್ದೇ ಹೆಸರು ಇರಬಹುದು. ಕೆಲಸಕ್ಕೆ ಹೋಗದೆ ಜಾಬ್ ಕಾರ್ಡ್ ಕೊಟ್ಟು, ಖಾತೆಗೆ ಬಂದ ದುಡ್ಡಿನಲ್ಲಿ ತಮಗೆ ಇನ್ನೂರೋ ಮುನ್ನೂರೋ ಇಟ್ಟುಕೊಂಡು ಉಳಿದದ್ದನ್ನು ತೆಗೆದುಕೊಟ್ಟವರು ಎಲ್ಲಾ ಊರಲ್ಲೂ ಇದ್ದಾರೆ. ತಪ್ಪು ಮಾಡಿದೆವು ಅಂತಲೂ ಅವರಿಗೆ ಅನ್ನಿಸಿರುವುದಿಲ್ಲ. ತನಿಖೆ ಆದರೆ ವಸೂಲಿ ನೋಟಿಸು ಅವರಿಗೂ ಬರಬಹುದು. ದೂರು ಕೊಡುವವರು ಇದನ್ನು ಮೊದಲೇ ತಿಳಿದಿರಬೇಕು. ಆಮೇಲೆ ಗೊತ್ತಾಗಿ ದೂರು ವಾಪಸ್ ತೆಗೆದುಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ. ವಾಪಸ್ ತೆಗೆದುಕೊಂಡ ದೂರಿಗಿಂತ ಕೊಡದೇ ಇದ್ದ ದೂರು ವಾಸಿ, ಮುಂದಿನ ಸಲ ನಿಮ್ಮ ಮಾತಿಗೆ ಕಿಮ್ಮತ್ತಾದರೂ ಉಳಿದಿರುತ್ತದೆ. ಆ ಪಟ್ಟಿಯನ್ನು ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ. 'ಕಳ್ಳರು' ಅಂತ ಮೇಲೆ ಬರೆದು ಹಾಕಿದರೆ ಕೇಸು ಬೀಳುವುದು ನಿಮ್ಮ ಮೇಲೆ.

ಇನ್ನು ಮಾಹಿತಿ ಹಕ್ಕಿನ ಬಗ್ಗೆ ಕೇಳಿದ ಮಾತುಗಳು. ಅರ್ಧ ಸುಳ್ಳು, ಅರ್ಧ ನಿಜ.

ಕಾರಣ ಬರೆಯಬೇಕು ಅನ್ನುವುದು ಸುಳ್ಳು. ಸೆಕ್ಷನ್ 6(2) ಪ್ರಕಾರ ಯಾಕೆ ಬೇಕು ಅಂತ ಕೇಳುವಂತೆಯೇ ಇಲ್ಲ, ನಿಮ್ಮನ್ನು ಸಂಪರ್ಕಿಸಲು ಬೇಕಾದ ವಿವರ ಬಿಟ್ಟು ಬೇರೆ ಸ್ವಂತ ವಿವರವನ್ನೂ ಕೇಳುವಂತಿಲ್ಲ. ಆಧಾರ್ ಕಡ್ಡಾಯ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನೀವು ಭಾರತದ ಪ್ರಜೆ ಆಗಿರಬೇಕು, ಅಷ್ಟೇ. ಆಮೇಲೆ, ಅದೇ ಊರಿನವರೇ ಹಾಕಬೇಕು ಅನ್ನುವುದೂ ಇಲ್ಲ. ಬೆಂಗಳೂರಿನ ವಿಳಾಸದಿಂದ ನಿಮ್ಮ ಮಗನೇ ಹಾಕಬಹುದು.

ಹೊಸ ಕಾನೂನಿನ ಮಾತಿನಲ್ಲಿ ನಿಜ ಇದೆ, ಆದರೆ ನಿಮಗೆ ಹೇಳಿದಷ್ಟಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ) ಅನ್ನು ಬದಲಾಯಿಸಿತು. ಆ ಬದಲಾವಣೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಒಬ್ಬರ ಖಾಸಗಿತನಕ್ಕೆ ಸುಮ್ಮಸುಮ್ನೆ ಧಕ್ಕೆ ತರುವ ವೈಯಕ್ತಿಕ ವಿವರವನ್ನು ಮಾತ್ರ ನಿರಾಕರಿಸಬಹುದಿತ್ತು. ಅಲ್ಲೂ ಸಾರ್ವಜನಿಕ ಹಿತಕ್ಕಾಗಿ ಕೊಡಬಹುದಿತ್ತು. ಸಂಸತ್ತಿಗೆ, ವಿಧಾನಸಭೆಗೆ ಇಲ್ಲ ಅನ್ನಲಾಗದ್ದನ್ನು ಜನರಿಗೂ ಇಲ್ಲ ಅನ್ನಬಾರದು ಅಂತ ಒಂದು ಮಾತೂ ಇತ್ತು. ಈಗ ಅವೆಲ್ಲ ಹೋಗಿವೆ. ವೈಯಕ್ತಿಕ ಮಾಹಿತಿ ಅಂದರೆ ಸಾಕು, ಇಲ್ಲ ಅನ್ನಲು ದಾರಿ ಇದೆ. ನನ್ನನ್ನು ಕೇಳಿದರೆ ಇದು ದೊಡ್ಡ ನಷ್ಟ. ನಾನು ಹಿಂಬರಹ ಬರೆಯುತ್ತಿದ್ದ ಕಾಲದಲ್ಲೇ, ಕೊಡಲು ಮನಸ್ಸಿಲ್ಲದ ಕಡತಕ್ಕೆ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು 8(1)(ಜೆ) ಅನ್ನೇ. ಆದರೂ ಸೆಕ್ಷನ್ 8(2) ಉಳಿದಿದೆ. ಗುಟ್ಟಾಗಿಡುವುದಕ್ಕಿಂತ ಹೊರಗೆ ಬಿಡುವುದರಲ್ಲಿ ಜನಹಿತ ಹೆಚ್ಚಿದ್ದರೆ ಕೊಡಬಹುದು ಅಂತ ಅದು ಹೇಳುತ್ತದೆ.

ನಿಮಗೆ ಇದರಿಂದ ಏನು? ಒಂದೇ. ಮನುಷ್ಯರ ಬಗ್ಗೆ ಕೇಳಬೇಡಿ, ಚರಂಡಿ ಬಗ್ಗೆ ಕೇಳಿ. 'ಯಾರ್ಯಾರ ಖಾತೆಗೆ ಎಷ್ಟು ಹೋಯಿತು' ಅಂದರೆ ವೈಯಕ್ತಿಕ ಅಂತ ಹಿಂಬರಹ ಬರಬಹುದು. 'ಎಷ್ಟು ಮೀಟರ್ ಅಳೆದಿದ್ದೀರಿ' ಅನ್ನುವುದು ಯಾರ ವೈಯಕ್ತಿಕವೂ ಅಲ್ಲ.

ಕರ್ನಾಟಕದ ನಿಯಮದಲ್ಲಿ 2008ರಿಂದ ಒಂದು ಮಿತಿ ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಧಾರಣವಾಗಿ 150 ಪದದ ಒಳಗೆ. ಜನ ಸಿಟ್ಟಿನಲ್ಲಿ ಐದು ವರ್ಷದ ಎಲ್ಲಾ ಕಾಮಗಾರಿಗಳ ಎಲ್ಲಾ ದಾಖಲೆ ಕೊಡಿ ಅಂತ ಬರೆಯುತ್ತಾರೆ. ಅಂಥ ಅರ್ಜಿ ನಮ್ಮ ಮೇಜಿಗೆ ಬಂದರೆ ನಮಗೆ ಒಳಗೊಳಗೇ ಖುಷಿ ಆಗುತ್ತಿತ್ತು. ತಳ್ಳಿಹಾಕಲು ಅದರಷ್ಟು ಸುಲಭ ಯಾವುದೂ ಇಲ್ಲ. ಬೆವರು ತರಿಸುತ್ತಿದ್ದದ್ದು ನಾಲ್ಕು ಸಾಲಿನ ಅರ್ಜಿ. ನಿಮ್ಮದು ಹೀಗಿರಲಿ:

'ನಿಮ್ಮ ಪಂಚಾಯ್ತಿಯ ಈ ಕೆಳಗಿನ ಸಂಕೇತ ಸಂಖ್ಯೆಯ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಸಾಮಗ್ರಿ ಬಿಲ್ಲುಗಳು, ಕಾಮಗಾರಿ ಪೂರ್ಣಗೊಂಡ ಬಗ್ಗೆ ನೀಡಿದ ಪ್ರಮಾಣಪತ್ರ, ಇವುಗಳ ದೃಢೀಕೃತ ನಕಲು ಕೊಡಿ. ಹಾಗೂ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಸದರಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಲು ಒಂದು ದಿನ ನಿಗದಿ ಮಾಡಿ ತಿಳಿಸಿ.'

ಕೊನೆಯ ಸಾಲನ್ನು ಬಿಡಬೇಡಿ. ಮಾಹಿತಿ ಹಕ್ಕು ಅಂದರೆ ಬರೀ ಝೆರಾಕ್ಸ್ ಪಡೆಯುವ ಹಕ್ಕು ಅಂತ ಎಲ್ಲರೂ ತಿಳಿದಿದ್ದಾರೆ. ಕಾಯ್ದೆ ಅದಕ್ಕಿಂತ ದೊಡ್ಡದು. ಕಾಮಗಾರಿಯನ್ನೇ ಪರಿಶೀಲಿಸುವುದು, ದಾಖಲೆ ನೋಡಿ ಟಿಪ್ಪಣಿ ಮಾಡಿಕೊಳ್ಳುವುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು, ಎಲ್ಲವೂ ಆ ಸೆಕ್ಷನ್ನಿನಲ್ಲಿದೆ. ಈ ಸಾಲು ಇರುವ ಅರ್ಜಿ ಬಂದಾಗ ಎಂಜಿನಿಯರ್ ಒಮ್ಮೆ ತಾನಾಗೇ ಬೀದಿಗೆ ಬಂದು ನೋಡಿ ಹೋಗುತ್ತಾರೆ. ಎಷ್ಟೋ ಸಲ ಅಲ್ಲಿಗೇ ವಿಷಯ ಮುಗಿಯುತ್ತದೆ.

ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ, ಕಾರ್ಡಿನ ನಕಲು ಇಡಿ. ಆಮೇಲೆ ನಕಲಿಗೆ ಪುಟಕ್ಕೆ 2 ರೂಪಾಯಿ. ರಾಜ್ಯದ ಆನ್‌ಲೈನ್ ಆರ್‌ಟಿಐ ಪೋರ್ಟಲ್ ಇದೆ. ಅದರಲ್ಲಿ ನಿಮ್ಮ ಪಂಚಾಯ್ತಿ ಕಾಣಿಸಿದರೆ ಸರಿ. ಕಾಣಿಸದಿದ್ದರೆ ಅಂಚೆಯಲ್ಲೇ ಕಳಿಸಿ. ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಕೈಯಲ್ಲೇ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. 'ಆಮೇಲೆ ಹಾಕಿಕೊಡ್ತೀವಿ' ಅಂದರೆ ಅಲ್ಲೇ ಕೂತುಕೊಳ್ಳಿ.

30 ದಿನದಲ್ಲಿ ಉತ್ತರ ಬರಬೇಕು. ಬರಲಿಲ್ಲ ಅಂದರೆ ಕಾನೂನಿನ ಕಣ್ಣಲ್ಲಿ ಅದು ನಿರಾಕರಣೆ. ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಗೆ ದುಡ್ಡು ಕೇಳುವಂತಿಲ್ಲ. ಅಲ್ಲಿಂದ 30 ದಿನದ ಒಳಗೆ ಮೊದಲ ಮೇಲ್ಮನವಿ ಹಾಕಿ. ಅದನ್ನು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ 90 ದಿನದ ಒಳಗೆ ರಾಜ್ಯ ಮಾಹಿತಿ ಆಯೋಗ. ಮಾಹಿತಿ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಕೇಳಲು ಚೆನ್ನಾಗಿದೆ. ಆದರೆ ಆಯೋಗದಲ್ಲಿ ನಿಮ್ಮ ಸರದಿ ಬರಲು ಬಹಳ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ವರ್ಗವಾಗಿ ಹೋಗಿರುತ್ತಾರೆ. ಹಾಗಾಗಿ ಅದನ್ನು ನಂಬಿಕೊಂಡು ಕೂರಬೇಡಿ. ನನ್ನ ಅನುಭವದಲ್ಲಿ ಫಲ ಸಿಗುವುದು ಹೆಚ್ಚಾಗಿ ಮೊದಲ ಮೇಲ್ಮನವಿಯ ಹಂತದಲ್ಲಿ. ಮೇಲಿನ ಅಧಿಕಾರಿ 'ಆ ನಾಲ್ಕು ಹಾಳೆ ಕೊಟ್ಟು ಕಳಿಸಿ ಮಾರಾಯ್ರೇ' ಅಂದುಬಿಡುತ್ತಾರೆ.

ಆದರೆ ನೀವು ಜಗಳ ಬೇಡ ಅಂದಿದ್ದೀರಿ. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಗನ ಹೆಸರಿನಲ್ಲಿ ಹಾಕಿದರೂ ಊರಲ್ಲಿ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಮನೆ ಪಟ್ಟಿ, ಖಾತೆ ಬದಲಾವಣೆ ಅಂತ ನಾಳೆ ಅದೇ ಆಫೀಸಿನ ಮೆಟ್ಟಿಲು ಹತ್ತಬೇಕು. ಅದಕ್ಕೇ ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಅರ್ಜಿ ಅಲ್ಲ, ಸಭೆ. ವಾರ್ಡ್ ಸಭೆ ಅಥವಾ ಗ್ರಾಮ ಸಭೆಗೆ ನಿಮ್ಮ ಸ್ವಸಹಾಯ ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ. ಉಳಿಸಿಟ್ಟ ಪ್ರಿಂಟ್ ಕೈಯಲ್ಲಿರಲಿ. 'ಚರಂಡಿ ತಿಂದುಬಿಟ್ಟಿರಿ' ಅನ್ನಬೇಡಿ. 'ವೆಬ್‌ಸೈಟಿನಲ್ಲಿ 180 ಅಂತಿದೆ, ಉಳಿದ 70 ಮೀಟರ್ ಯಾವಾಗ ಹಾಕ್ತೀರಿ?' ಅಂತ ಕೇಳಿ. ನಡಾವಳಿಯಲ್ಲಿ ಆ ಪ್ರಶ್ನೆ ಬರೆಯುವಂತೆ ನೋಡಿಕೊಳ್ಳಿ. ಆಗ ಅದು ನಿಮ್ಮೊಬ್ಬರ ಪ್ರಶ್ನೆ ಆಗಿರುವುದಿಲ್ಲ. ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಜಮಾಬಂದಿಯಲ್ಲಂತೂ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಜನರೆದುರು ತೆರೆಯಲೇಬೇಕು. ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಸಾಮಾಜಿಕ ಪರಿಶೋಧನೆಯವರು ಬಂದಾಗಲೂ ಅವರನ್ನು ಸೀದಾ ನಿಮ್ಮ ಬೀದಿಗೆ ಕರೆದುಕೊಂಡು ಬನ್ನಿ. ಅಳೆಯುವುದೇ ಅವರ ಕೆಲಸ. ಸಭೆಯಲ್ಲಿ ಹಾರಿಕೆ ಉತ್ತರ ಬಂದರೆ ಆಗ ಅರ್ಜಿ ಹಾಕಿ.

ಅಳತೆ ಪುಸ್ತಕದ ನಕಲು ಕೈಗೆ ಬಂದ ದಿನ ದಾರಿ ಎರಡಾಗುತ್ತದೆ. ಅದರಲ್ಲಿ 110ರ ಆಸುಪಾಸು ಇದ್ದರೆ ಹಣ ಹೋಗಿಲ್ಲ, ಕೆಲಸ ಬಾಕಿ ಇದೆ. ಉಳಿದದ್ದನ್ನು ಮುಂದಿನ ಕ್ರಿಯಾಯೋಜನೆಗೆ ಸೇರಿಸಿ ಅಂತ ಸಹಿ ಮಾಡಿ ಕೊಡಿ. ನಕಲನ್ನು ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಕಳಿಸಿ, ರಾಜ್ಯದ ದೂರು ಸಹಾಯವಾಣಿ 1902ಕ್ಕೂ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. 180 ಅಂತ ಬರೆದಿದ್ದರೆ ಅಳೆಯದ್ದನ್ನು ಅಳೆದೆ ಅಂತ ಸಹಿ ಹಾಕಿದ್ದಾರೆ ಅಂತಾಯಿತು. ಆಗ ಜಿಲ್ಲಾ ಪಂಚಾಯ್ತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ), ಇಂಥ ದೂರು ವಿಚಾರಿಸುವ ಜಿಲ್ಲೆಯ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಲೋಕಾಯುಕ್ತ ಕೊನೆಯ ಮೆಟ್ಟಿಲು. ಅಲ್ಲಿ ಅಫಿಡವಿಟ್ ಸಮೇತ ದೂರು ಕೊಡಬೇಕು, ಹೇಳಿಕೆಗೆ ಕರೆದಾಗ ಹೋಗಬೇಕು. ಮಸ್ಟರ್ ರೋಲಿನಲ್ಲಿ ಯಾರ್ಯಾರ ಹೆಸರಿದೆ ಅಂತ ಅಷ್ಟರಲ್ಲಿ ನಿಮಗೆ ಗೊತ್ತಿರುತ್ತದೆ, ಯೋಚನೆ ಮಾಡಿ ಹೆಜ್ಜೆ ಇಡಿ.

ಇದೆಲ್ಲಕ್ಕೂ ಮುಂಚೆ ಆ 150 ಹೆಜ್ಜೆಯನ್ನು ಸರಿಯಾಗಿ ಅಳೆದುಬಿಡಿ. ಹೆಜ್ಜೆ ಲೆಕ್ಕ ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ನಿಮ್ಮ ಹೊಲಿಗೆ ಟೇಪಿನಲ್ಲಿ ಒಂದೂವರೆ ಮೀಟರ್ ಅಷ್ಟೇ ಇರುತ್ತದೆ, ಅದರಲ್ಲಿ ಹೋದರೆ ಸಂಜೆ ಆಗುತ್ತದೆ. ಗಾರೆ ಮೇಸ್ತ್ರಿ ಯಾರಾದರೂ ಪರಿಚಯ ಇದ್ದರೆ ಅವರ ಹತ್ತಿರ 30 ಮೀಟರ್ ಟೇಪು ಇರುತ್ತದೆ, ಒಂದು ಗಂಟೆಗೆ ಕೇಳಿ ತನ್ನಿ. ಒಂದು ತುದಿ ಹಿಡಿಯಲು ಪಕ್ಕದ ಮನೆಯವರನ್ನು ಕರೆಯಿರಿ.